ಸರ್ವರ್ ಲಾಕ್ ಆದ ರಾತ್ರಿ ವಕೀಲರಿಗೆ ಏನು ಹೇಳಬೇಕು?

ಕಳೆದ ತಿಂಗಳ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ: "ಕಂಪ್ಯೂಟರಿಗೆ ದಾಳಿ ಆದ ಕೂಡಲೇ ನಿಮ್ಮ ವಕೀಲರಿಗೂ ಒಂದು ಫೋನ್ ಮಾಡಿ." ಆ ಒಂದು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೆಚ್ಚಿನವರ ಪ್ರಶ್ನೆ ಒಂದೇ. ವಕೀಲರಿಗೆ ಹೇಳಿದ್ದು ವಕೀಲರಲ್ಲೇ ಉಳಿಯುತ್ತದಾ? ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನಮಸ್ಕಾರ್ರಿ ಮೇಡಂ. ನಮ್ಮದು ರಕ್ತ ಪರೀಕ್ಷೆ ಮಾಡುವ ಲ್ಯಾಬ್. ಹುಬ್ಬಳ್ಳಿ, ಧಾರವಾಡ, ಗದಗ ಸೇರಿ ಐದು ಶಾಖೆ ಇವೆ. ಒಂದು ಭಾನುವಾರ ಬೆಳಿಗ್ಗೆ ನೋಡಿದರೆ ಸರ್ವರ್‌ನ ಫೈಲುಗಳೆಲ್ಲ ಲಾಕ್ ಆಗಿದ್ದವು. ದುಡ್ಡು ಕೇಳುವ ಚೀಟಿ ಸ್ಕ್ರೀನ್ ಮೇಲೆ. ಹೇಗೋ ಬ್ಯಾಕಪ್‌ನಿಂದ ಕೆಲಸ ಶುರು ಮಾಡಿದೆವು. ಈಗ ತನಿಖೆ ಮಾಡಿಸಬೇಕು. ನಮ್ಮ ಸಾಫ್ಟ್‌ವೇರ್ ನೋಡಿಕೊಳ್ಳುವ ಹುಡುಗ ಹೇಳುತ್ತಾನೆ: "ತನಿಖೆ ಮಾಡುವವರನ್ನು ವಕೀಲರ ಮೂಲಕ ಕರೆಸಿ. ಆಗ ರಿಪೋರ್ಟ್ ಯಾರಿಗೂ ತೋರಿಸಬೇಕಾಗಿಲ್ಲ." ನಿಜವೇ? ನಾಳೆ ರೋಗಿಗಳು ಕೇಸ್ ಹಾಕಿದರೆ ನಮಗೆ ರಕ್ಷಣೆ ಇದೆಯೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಆ ಹುಡುಗ ಹೇಳಿದ್ದು ಅರ್ಧ ನಿಜ. ಆ ಅರ್ಧವನ್ನೇ ಪೂರ್ತಿ ಎಂದು ನಂಬಿ ಕಷ್ಟಕ್ಕೆ ಸಿಕ್ಕವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಸಲಹೆ ಕೇಳುವುದಕ್ಕಾಗಿ ನೀವು ವಕೀಲರಿಗೆ ಹೇಳಿದ ಮಾತು, ಅವರು ನಿಮಗೆ ಕೊಟ್ಟ ಸಲಹೆ, ಇವನ್ನು ನಿಮ್ಮ ಒಪ್ಪಿಗೆ ಇಲ್ಲದೆ ಅವರು ಬಾಯಿ ಬಿಡುವಂತಿಲ್ಲ. ಮೊದಲು ಇದು 1872ರ ಸಾಕ್ಷ್ಯ ಕಾಯಿದೆಯ 126ನೇ ಕಲಂನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂನಲ್ಲಿದೆ. ವಕೀಲರ ಗುಮಾಸ್ತರಿಗೂ ಇದೇ ಕಟ್ಟು. ಕೇಸು ಮುಗಿದು ನೀವು ಬೇರೆ ವಕೀಲರ ಹತ್ತಿರ ಹೋದ ಮೇಲೂ ಹಳೆಯ ವಕೀಲರು ಸುಮ್ಮನಿರಬೇಕು. 134ನೇ ಕಲಂ ನಿಮ್ಮ ಕಡೆಯದು. ನೀವಾಗಿ ಸಾಕ್ಷಿಕಟ್ಟೆ ಹತ್ತದಿದ್ದರೆ, ವಕೀಲರ ಜೊತೆ ಗುಟ್ಟಾಗಿ ಆಡಿದ ಮಾತನ್ನು ಹೇಳಿ ಎಂದು ಕೋರ್ಟು ನಿಮ್ಮನ್ನು ಬಲವಂತ ಮಾಡುವಂತಿಲ್ಲ. ಇದನ್ನೇ ನಾವು ವಕೀಲರು ಪ್ರಿವಿಲೇಜ್ ಅನ್ನುವುದು. ಈ ಹಕ್ಕು ವಕೀಲರದ್ದಲ್ಲ, ನಿಮ್ಮದು. ಬಿಟ್ಟುಕೊಡುವವರೂ ನೀವೇ. ಎಷ್ಟೋ ಸಲ ಗೊತ್ತಿಲ್ಲದೇ ಬಿಟ್ಟುಕೊಡುತ್ತೀರಿ.

ಇನ್ನು ಉಳಿದ ಅರ್ಧ. ಕಾನೂನು ಕಾಪಾಡುವುದು ಮಾತನ್ನು. ನಡೆದದ್ದನ್ನಲ್ಲ. "ಶನಿವಾರ ರಾತ್ರಿ 11.40ಕ್ಕೆ ಗದಗ ಶಾಖೆಯ ಕಂಪ್ಯೂಟರಿನಿಂದ ಯಾರೋ ಒಳಗೆ ಬಂದಿದ್ದಾರೆ" ಎನ್ನುವುದು ನಡೆದದ್ದು. "ಮೇಡಂ, ಇದರಿಂದ ನಮ್ಮ ಮೇಲೆ ಕೇಸು ನಿಲ್ಲುತ್ತದಾ?" ಎನ್ನುವುದು ಮಾತು. ಎರಡನೆಯದನ್ನು ನಾನು ಎದೆಯಲ್ಲಿ ಇಟ್ಟುಕೊಳ್ಳುತ್ತೇನೆ. ಮೊದಲನೆಯದನ್ನು ನೀವು ನನ್ನ ಕಿವಿಯಲ್ಲಿ ಹೇಳಿದಿರಿ ಎಂಬ ಕಾರಣಕ್ಕೆ ಅದು ಗುಟ್ಟಾಗುವುದಿಲ್ಲ. ಸರ್ವರ್‌ನ ಲಾಗ್‌ಗಳನ್ನು, ಅಂದರೆ ಯಾರು ಯಾವಾಗ ಒಳಗೆ ಬಂದರು ಎಂಬ ದಾಖಲೆಯನ್ನು, ಪೆನ್‌ಡ್ರೈವ್‌ಗೆ ಹಾಕಿ ನನ್ನ ಕಪಾಟಿನಲ್ಲಿ ಇಟ್ಟರೂ ಅಷ್ಟೇ. ಕೋರ್ಟು ಕೇಳಿದರೆ ತಂದಿಡಬೇಕು.

ನಿಮ್ಮದು ಲ್ಯಾಬ್ ಆದ್ದರಿಂದ ಒಂದು ಲ್ಯಾಬಿನ ಕಥೆಯನ್ನೇ ಹೇಳುತ್ತೇನೆ. ಕೆನಡಾದಲ್ಲಿ ಲೈಫ್‌ಲ್ಯಾಬ್ಸ್ ಎಂಬ ದೊಡ್ಡ ಕಂಪನಿ ಇದೆ. ರಕ್ತ, ಮೂತ್ರ ಪರೀಕ್ಷೆಯೇ ಅದರ ಕೆಲಸ. 2019ರಲ್ಲಿ ಅಲ್ಲಿ ಸುಮಾರು 86 ಲಕ್ಷ ಜನರ ಮಾಹಿತಿ ಕಳ್ಳರ ಕೈಗೆ ಹೋಯಿತು. ಎರಡು ಪ್ರಾಂತ್ಯಗಳ ಖಾಸಗಿತನ ಆಯುಕ್ತರು ತನಿಖೆ ಮಾಡಿ 2020ರಲ್ಲೇ ವರದಿ ಸಿದ್ಧ ಮಾಡಿದರು. ಅದನ್ನು ಹೊರಗೆ ಬಿಡಬಾರದು ಎಂದು ಕಂಪನಿ ಕೋರ್ಟಿಗೆ ಹೋಯಿತು. ವರದಿಯಲ್ಲಿರುವ ಕೆಲವು ಸಂಗತಿಗಳು ನಮ್ಮ ವಕೀಲರ ಕೈಕೆಳಗೆ ನಡೆದ ತನಿಖೆಯಿಂದ ಬಂದವು, ಹಾಗಾಗಿ ಅವು ಗೋಪ್ಯ ಎಂದು ವಾದಿಸಿತು. 2024ರ ಏಪ್ರಿಲ್‌ನಲ್ಲಿ ಒಂಟಾರಿಯೊದ ಕೋರ್ಟು ಅದನ್ನು ಒಪ್ಪಲಿಲ್ಲ. ಸಂಗತಿಗಳು ತಾವಾಗಿಯೇ ಇದ್ದವು, ವಕೀಲರ ಕಡತಕ್ಕೆ ಸೇರಿದ ಮಾತ್ರಕ್ಕೆ ಅವಕ್ಕೆ ಬೀಗ ಬೀಳುವುದಿಲ್ಲ ಎಂದಿತು. ಅದೇ ವರ್ಷ ನವೆಂಬರ್‌ನಲ್ಲಿ ವರದಿ ಹೊರಬಂತು. ನಾಲ್ಕು ವರ್ಷಕ್ಕೂ ಜಾಸ್ತಿ ಕಾಲ ರೋಗಿಗಳು ಅದಕ್ಕೆ ಕಾದರು. ನನಗೆ ಬೇಸರವಾಗುವುದು ಇಲ್ಲೇ. ಕಾನೂನು ಕೊಟ್ಟ ಒಂದು ಒಳ್ಳೆಯ ರಕ್ಷಣೆಯನ್ನು ಅದು ಇಲ್ಲದ ಜಾಗಕ್ಕೆಲ್ಲ ಎಳೆದರೆ, ನಿಜವಾಗಿ ಬೇಕಾದ ದಿನ ಅದನ್ನು ಯಾರೂ ನಂಬುವುದಿಲ್ಲ.

ಹಾಗಾದರೆ ತನಿಖಾ ರಿಪೋರ್ಟ್? ಇಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಪ್ರಕರಣ ನೋಡಿ. 2019ರ ಜುಲೈನಲ್ಲಿ ಸುಮಾರು 10 ಕೋಟಿ ಅಮೆರಿಕನ್ನರ ಮಾಹಿತಿ ಸೋರಿದ್ದು ಅವರಿಗೆ ಗೊತ್ತಾಯಿತು. ಮರುದಿನವೇ ವಕೀಲರ ಸಂಸ್ಥೆಯನ್ನು ಹಿಡಿದರು. ನಾಲ್ಕೇ ದಿನದಲ್ಲಿ ಮ್ಯಾಂಡಿಯಂಟ್ ಎಂಬ ತನಿಖಾ ಕಂಪನಿಯ ಜೊತೆ ವಕೀಲರ ಮೂಲಕ ಪತ್ರ ಮಾಡಿಕೊಂಡರು. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಆದರೂ 2020ರ ಮೇ ತಿಂಗಳಲ್ಲಿ ವರ್ಜೀನಿಯಾದ ಕೋರ್ಟು ರಿಪೋರ್ಟ್ ಕೊಡಿ ಎಂದಿತು. ಯಾಕೆ?

ಮ್ಯಾಂಡಿಯಂಟ್ ಜೊತೆ ಬ್ಯಾಂಕಿಗೆ 2015ರಿಂದಲೇ ಒಪ್ಪಂದ ಇತ್ತು. ದಾಳಿ ಆದರೆ ಬಂದು ನೋಡಬೇಕು ಎಂದು ಮೊದಲೇ ಹಣ ಕಟ್ಟಿದ್ದರು. ಆ ಹಣವನ್ನು ಕಾನೂನು ವೆಚ್ಚ ಎಂದಲ್ಲ, ವ್ಯವಹಾರಕ್ಕೆ ಬೇಕೇಬೇಕಾದ ವೆಚ್ಚ ಎಂದು ಬರೆದುಕೊಂಡಿದ್ದರು. ವಕೀಲರು ಮಾಡಿದ ಹೊಸ ಪತ್ರದಲ್ಲೂ ಅದೇ ಕೆಲಸ, ಅದೇ ಷರತ್ತು. ರಿಪೋರ್ಟ್ ವಕೀಲರಿಗೆ ಕೊಡಬೇಕು ಎಂಬುದಷ್ಟೇ ಹೊಸದು. ಆ ರಿಪೋರ್ಟ್ ಕೊನೆಗೆ ಎಲ್ಲೆಲ್ಲಿ ಹೋಯಿತು? ಸುಮಾರು 50 ನೌಕರರಿಗೆ, ನಾಲ್ಕು ಸರ್ಕಾರಿ ನಿಯಂತ್ರಕರಿಗೆ, ಲೆಕ್ಕ ತಪಾಸಣೆಯವರಿಗೆ. ನ್ಯಾಯಾಧೀಶರು ಕೇಳಿದ್ದು ಸರಳ ಪ್ರಶ್ನೆ: ಕೇಸಿನ ಭಯವೇ ಇಲ್ಲದಿದ್ದರೂ ನೀವು ಇಂಥದ್ದೇ ರಿಪೋರ್ಟ್ ಮಾಡಿಸುತ್ತಿದ್ದಿರಿ, ಅಲ್ವಾ? ಆ ಪ್ರಶ್ನೆಗೆ ಬ್ಯಾಂಕಿನ ಬಳಿ ಒಳ್ಳೆಯ ಉತ್ತರ ಇರಲಿಲ್ಲ.

ಇದಕ್ಕೆ ಎದುರಾಗಿ ಟಾರ್ಗೆಟ್ ಅಂಗಡಿಗಳ ಪ್ರಕರಣ ಇದೆ. 2013ರ ಕೊನೆಗೆ 4 ಕೋಟಿ ಕಾರ್ಡುಗಳ ವಿವರ ಕಳುವಾಗಿತ್ತು. ಅವರು ಎರಡು ತಂಡ ಮಾಡಿದರು. ಒಂದು ತಂಡ ಕಾರ್ಡ್ ಕಂಪನಿಗಳಿಗಾಗಿ ಏನಾಯಿತೆಂದು ಹುಡುಕಿತು. ಇನ್ನೊಂದು, ವಕೀಲರು ಸಲಹೆ ಕೊಡಲು ಏನು ಬೇಕೋ ಅದನ್ನು ಹುಡುಕಿತು. ಎರಡರ ನಡುವೆ ಗೋಡೆ ನಿಜವಾಗಿ ಇತ್ತು. 2015ರಲ್ಲಿ ಮಿನೆಸೊಟಾದ ಕೋರ್ಟು ಎರಡನೆಯ ತಂಡದ ಕೆಲಸವನ್ನು ಬಹುಪಾಲು ಕಾಪಾಡಿತು. ನಂತರ ವಾಷಿಂಗ್ಟನ್‌ನಲ್ಲಿ ಕ್ಲಾರ್ಕ್ ಹಿಲ್ ಎಂಬ ಸಂಸ್ಥೆ ನಾವೂ ಹೀಗೆ ಎರಡು ದಾರಿಯಲ್ಲಿ ತನಿಖೆ ಮಾಡಿಸಿದ್ದೆವು ಎಂದು ಹೇಳಿಕೊಂಡಿತು. ಅದು ಸ್ವತಃ ವಕೀಲರ ಸಂಸ್ಥೆ. ಆದರೆ ಎರಡನೆಯ ತನಿಖೆ ಬೇರೆಯಾಗಿ ನಡೆದದ್ದಕ್ಕೆ ಪುರಾವೆ ಇರಲಿಲ್ಲ. ಇದ್ದ ಒಂದೇ ರಿಪೋರ್ಟನ್ನು ಐಟಿಯವರೂ ಓದಿದ್ದರು, ಎಫ್‌ಬಿಐಗೂ ಕೊಟ್ಟಿದ್ದರು. 2021ರ ಜನವರಿಯಲ್ಲಿ ಅವರೂ ಸೋತರು.

ನಮ್ಮ ದೇಶದಲ್ಲಿ ಇನ್ನೂ ಒಂದು ತೊಡಕಿದೆ. 132ನೇ ಕಲಂ ವಕೀಲರು, ಅವರ ದುಭಾಷಿಗಳು, ಗುಮಾಸ್ತರು, ನೌಕರರು ಎಂದು ಹೆಸರಿಸುತ್ತದೆ. ಹೊರಗಿನಿಂದ ಬಂದು ಕಂಪ್ಯೂಟರ್ ತನಿಖೆ ಮಾಡುವ ಫೊರೆನ್ಸಿಕ್ ತಜ್ಞರ ಹೆಸರು ಅಲ್ಲಿಲ್ಲ. ವಕೀಲರ ಮೂಲಕ ಕರೆಸಿದರೆ ವಾದಕ್ಕೆ ಬಲ ಬರುತ್ತದೆ, ನಿಜ. ಅಷ್ಟರಿಂದಲೇ ರಿಪೋರ್ಟಿಗೆ ಬೀಗ ಬೀಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಿಮ್ಮ ಲ್ಯಾಬಿಗೆ ನಾನು ಹೇಳುವುದು ಹೀಗೆ. ಇವತ್ತೇ ಎರಡು ಕಡತ ತೆರೆಯಿರಿ. ಮೊದಲನೆಯದು ಸಂಗತಿಯ ಕಡತ. ಯಾರು ಎಷ್ಟು ಗಂಟೆಗೆ ಏನು ನೋಡಿದರು, ಯಾವ ಕಂಪ್ಯೂಟರ್ ಬಂದ್ ಮಾಡಿದರು, ಬ್ಯಾಕಪ್ ಯಾವ ದಿನದ್ದು. ಊಹೆ ಬೇಡ, ಬೈಗುಳ ಬೇಡ. ಇದನ್ನು ನಾಳೆ ಯಾರ ಮುಂದೆ ಬೇಕಾದರೂ ಇಡಬಹುದು ಎನ್ನುವ ಹಾಗೆ ಬರೆಯಿರಿ. ಸರ್ವರ್ ಸರಿ ಮಾಡುವವರ ರಿಪೋರ್ಟೂ ಇಲ್ಲಿಗೇ. ಎರಡನೆಯದು ವಕೀಲರ ಕಡತ. ಅವರು ಯಾವ ಕಾನೂನು ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ ಎಂದು ಅವರ ಪತ್ರದಲ್ಲೇ ಇರಲಿ. ತಜ್ಞರು ಬೇಕಾದರೆ ಆ ಪ್ರಶ್ನೆಗಾಗಿ ವಕೀಲರೇ ನೇಮಿಸಲಿ, ಬಿಲ್ಲೂ ಅವರ ಮೂಲಕ ಬರಲಿ, ಉತ್ತರ ಅವರಿಗೇ ಹೋಗಲಿ. ಸರ್ವರ್ ಸರಿ ಮಾಡುವ ಅದೇ ಜನ, ಅದೇ ಕೆಲಸಕ್ಕೆ ಎರಡು ಹೆಸರು ಕೊಡುವುದು ಬೇಡ. ಈ ಎರಡನೇ ಕಡತವನ್ನು ನೀವು ಮತ್ತು ನಿಮ್ಮ ಪಾಲುದಾರರು ಬಿಟ್ಟು ಮೂರನೆಯವರು ನೋಡಬಾರದು.

ವಾಟ್ಸ್ಆ್ಯಪ್ ಗ್ರೂಪಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಹೆಚ್ಚು ಗುಟ್ಟು ಸೋರುವುದು ಅಲ್ಲೇ. ಕೆಲವು ವರ್ಷದ ಹಿಂದೆ ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯವರು ನನ್ನ ಕಕ್ಷಿದಾರರಾಗಿದ್ದರು. ದಾಳಿ ಆದ ರಾತ್ರಿ ಫೋನಿನಲ್ಲಿ ಎಲ್ಲ ಹೇಳಿದರು. ಬೆಳಿಗ್ಗೆ ನಾನು ಎರಡು ಪುಟದ ಸಲಹೆ ಕಳಿಸಿದೆ. ಮಾಲೀಕರು ಗಾಬರಿಯಲ್ಲಿ ಅದನ್ನು ಹಾಗೆಯೇ ಗ್ರೂಪಿಗೆ ಹಾಕಿದರು. ಗ್ರೂಪಿನಲ್ಲಿ ಸಾಫ್ಟ್‌ವೇರ್ ಕೊಟ್ಟ ಕಂಪನಿಯವರೂ ಇದ್ದರು. ಮುಂದೆ ವ್ಯಾಜ್ಯ ಬಂದದ್ದು ಅವರ ಜೊತೆಗೇ. ನನ್ನ ಪತ್ರ ಎದುರಾಳಿಯ ಕಡೆಯಿಂದ ಸಾಕ್ಷ್ಯದ ದಾಖಲೆಯಾಗಿ ಕೋರ್ಟಿಗೆ ಬಂತು. ಪಾಟೀ ಸವಾಲಿನಲ್ಲಿ ಎದುರಿನ ವಕೀಲರು ಒಂದೇ ಸಾಲನ್ನು ಮೂರು ಸಲ ಓದಿದರು: "ಬ್ಯಾಕಪ್ ಪರೀಕ್ಷೆ ಮಾಡಿ ಎರಡು ವರ್ಷ ಆಗಿದೆ ಎಂದು ನೀವು ತಿಳಿಸಿದ್ದೀರಿ." ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ ಮಾಲೀಕರ ಮುಖ ನನಗೆ ಇನ್ನೂ ನೆನಪಿದೆ. ಅಂದಿನಿಂದ ನಾನು ಮೊದಲ ರಾತ್ರಿ ಸಲಹೆಯನ್ನು ಬರವಣಿಗೆಯಲ್ಲಿ ಕೊಡುವುದೇ ಕಡಿಮೆ. ಕೂತು ಮಾತಾಡುತ್ತೇನೆ.

ಇನ್ನೊಂದು ಮಾತು. ಕಾನೂನು ಮುರಿಯುವುದಕ್ಕೆ ಸಹಾಯ ಕೇಳಿದರೆ ಈ ರಕ್ಷಣೆ ಇಲ್ಲ. "ಲಾಗ್ ಅಳಿಸಿಬಿಡಲಾ?" ಎಂದು ನನ್ನನ್ನು ಕೇಳಿದರೆ ಬೇಡ ಎನ್ನುತ್ತೇನೆ. "ಅಳಿಸೋಣ, ನೀವು ದಾರಿ ತೋರಿಸಿ" ಎಂದರೆ ಆ ಮಾತಿಗೆ ಬೀಗವೇ ಇಲ್ಲ.

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಲೀಗಲ್ ಮ್ಯಾನೇಜರ್. ಎಲ್‌ಎಲ್‌ಬಿ ಮಾಡಿದ್ದೇನೆ, ವಕಾಲತ್ತು ಮಾಡುವ ಸನ್ನದೂ ಇತ್ತು. ಏನೇ ಘಟನೆ ಆದರೂ ಐಟಿಯವರು ಮೇಲ್‌ನಲ್ಲಿ ನನ್ನನ್ನು ಸಿಸಿ ಮಾಡಿ ಮೇಲೆ "ಗೋಪ್ಯ" ಎಂದು ಬರೆಯುತ್ತಾರೆ. ಅಷ್ಟು ಸಾಕೇ?
— ಜಯನಗರದ ಓದುಗರು

ಉತ್ತರ: ಸಾಕಾಗುವುದಿಲ್ಲ ತಂಗಿ. ಇದು ಈಗ ಮೊದಲಿಗಿಂತ ಸ್ಪಷ್ಟವಾಗಿದೆ. ತನಿಖಾ ಸಂಸ್ಥೆಗಳು ವಕೀಲರಿಗೇ ಸಮನ್ಸ್ ಕೊಡಲು ಶುರು ಮಾಡಿದ್ದರಿಂದ ಸುಪ್ರೀಂ ಕೋರ್ಟು ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತ್ತು. 2025ರ ಅಕ್ಟೋಬರ್ 31ರಂದು ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ನೇತೃತ್ವದ ಮೂವರ ಪೀಠ ತೀರ್ಪು ಕೊಟ್ಟಿತು. ಕಂಪನಿಯ ಸಂಬಳದ ಮೇಲೆ ಪೂರ್ಣಾವಧಿ ಕೆಲಸ ಮಾಡುವ ಕಾನೂನು ಅಧಿಕಾರಿ ಕೋರ್ಟಿನಲ್ಲಿ ವಕಾಲತ್ತು ಮಾಡುವ ವಕೀಲರಲ್ಲ, ಆದ್ದರಿಂದ 132ನೇ ಕಲಂನ ರಕ್ಷಣೆ ಅವರಿಗಿಲ್ಲ ಎಂದಿತು.

ಆದರೆ ಪೂರ್ತಿ ಕೈಬಿಟ್ಟಿಲ್ಲ. ಕಂಪನಿಗೆ ಸಲಹೆ ಕೊಡುವ ಹೊರಗಿನ ವಕೀಲರಿಗೆ ನೀವು ಬರೆದ ಪತ್ರಕ್ಕೆ 134ನೇ ಕಲಂನ ಆಸರೆ ಇದೆ. ನಿಮ್ಮ ಮತ್ತು ನಿಮ್ಮ ಕಂಪನಿಯ ನಡುವಿನ ಮಾತಿಗೆ ಅದೂ ಇಲ್ಲ. ಅಂದರೆ ನಿಮ್ಮ ಎಂಡಿ "ಇದರಲ್ಲಿ ತಪ್ಪು ನಮ್ಮದೇ ಅನಿಸುತ್ತದೆ, ಏನು ಮಾಡೋಣ?" ಎಂದು ನಿಮಗೆ ಬರೆದರೆ ಅದನ್ನು ನಾಳೆ ಎದುರಾಳಿ ಕೇಳಬಹುದು. ನಿಮ್ಮ ಸಹೋದ್ಯೋಗಿಗಳಿಗೆ ಇದನ್ನು ದಾಳಿ ಆಗುವ ಮೊದಲೇ ಹೇಳಿಡಿ. ಹೊರಗಿನ ವಕೀಲರ ಹೆಸರು, ನಂಬರ್ ಈಗಲೇ ಗೊತ್ತು ಮಾಡಿಕೊಳ್ಳಿ. ಅಂಥ ಪ್ರಶ್ನೆ ಬಂದಾಗ ಎಂಡಿ ಮತ್ತು ನೀವು ಅವರನ್ನೇ ಕೇಳಿ.

ಎಲ್ಲ ಮೇಲ್‌ಗೂ "ಗೋಪ್ಯ" ಎಂದು ಬರೆಯುವುದನ್ನು ಬಿಡಿಸಿ. ಚಹಾ ಬಿಲ್ಲಿನ ಮೇಲೂ ಅದೇ ಮುದ್ರೆ ಇದ್ದರೆ, ನಿಜವಾದ ಸಲಹೆಯ ಮೇಲೆ ಇರುವ ಮುದ್ರೆಗೆ ಕೋರ್ಟಿನಲ್ಲಿ ಬೆಲೆ ಇರುವುದಿಲ್ಲ.

ಪ್ರಶ್ನೆ: ನಾನು ಮಂಡ್ಯದವನು, ಸಿಡ್ನಿಗೆ ಬಂದು ಹನ್ನೊಂದು ವರ್ಷ. 2022ರಲ್ಲಿ ಆಪ್ಟಸ್ ಫೋನ್ ಕಂಪನಿಯ ಮಾಹಿತಿ ಸೋರಿದಾಗ ನನ್ನ ಡ್ರೈವಿಂಗ್ ಲೈಸೆನ್ಸ್ ನಂಬರೂ ಹೋಯಿತು. ಡೆಲಾಯ್ಟ್ ಕಂಪನಿ ಮಾಡಿದ ರಿಪೋರ್ಟನ್ನು ಆಪ್ಟಸ್ ಕೊಡುವುದಿಲ್ಲ ಎಂದು ಹಟ ಹಿಡಿದಿತ್ತಲ್ಲ, ಅದು ಏನಾಯಿತು?
— ಸಿಡ್ನಿಯ ಓದುಗರು

ಉತ್ತರ: ಆಪ್ಟಸ್ ಸೋತಿತು. ಸುಮಾರು 95 ಲಕ್ಷ ಜನರ ವಿವರ ಹೋಗಿದ್ದ ಪ್ರಕರಣ ಅದು. ಗ್ರಾಹಕರು ಒಟ್ಟಾಗಿ ಫೆಡರಲ್ ಕೋರ್ಟಿನಲ್ಲಿ ದಾವೆ ಹಾಕಿದರು, ರಿಪೋರ್ಟ್ ಕೇಳಿದರು. ಅದನ್ನು ವಕೀಲರ ಸಲಹೆಗಾಗಿ ಮಾಡಿಸಿದ್ದು ಎಂದು ಕಂಪನಿ ಹೇಳಿತು. ನೀವಿರುವ ದೇಶದಲ್ಲಿ ಪರೀಕ್ಷೆ ಇದು: ಕಾಗದ ಹುಟ್ಟಿದ್ದಕ್ಕೆ ಎಲ್ಲಕ್ಕಿಂತ ಮುಖ್ಯವಾದ ಉದ್ದೇಶ ಕಾನೂನು ಸಲಹೆಯೇ ಆಗಿರಬೇಕು. ಹತ್ತರಲ್ಲಿ ಒಂದು ಉದ್ದೇಶವಾದರೆ ಸಾಲದು.

ಕಂಪನಿಗೆ ಮುಳುವಾದದ್ದು ಅದರ ಸ್ವಂತ ಪ್ರಕಟಣೆ. 2022ರ ಅಕ್ಟೋಬರ್ 3ರಂದು ಡೆಲಾಯ್ಟ್‌ನವರಿಂದ ಪರಿಶೀಲನೆ ಮಾಡಿಸುತ್ತೇವೆ ಎಂದು ಪತ್ರಿಕೆಗಳಿಗೆ ತಿಳಿಸಿದರು. ಹೇಗಾಯಿತು, ಮುಂದೆ ಆಗದ ಹಾಗೆ ಏನು ಮಾಡಬೇಕು ಎಂದು ತಿಳಿಯಲು ಎಂಬ ಅರ್ಥ ಅದರಲ್ಲಿತ್ತು. ವಕೀಲರ ಸಲಹೆಯ ಮಾತೇ ಇಲ್ಲ. 2023ರ ನವೆಂಬರ್‌ನಲ್ಲಿ ಒಬ್ಬ ನ್ಯಾಯಾಧೀಶರು, 2024ರ ಮೇ ತಿಂಗಳಲ್ಲಿ ಪೂರ್ಣ ಪೀಠ, ಇಬ್ಬರೂ ಪ್ರಿವಿಲೇಜ್ ಇಲ್ಲ ಎಂದರು. ಹಾಗೆಂದು ರಿಪೋರ್ಟ್ ನಿಮ್ಮ ಮನೆ ಬಾಗಿಲಿಗೆ ಬರುವುದಿಲ್ಲ. ದಾವೆ ಹಾಕಿದವರ ಕಡೆಯ ವಕೀಲರಿಗೆ ಅದನ್ನು ಕೊಡದೆ ತಡೆಯಲು ಆಪ್ಟಸ್‌ಗೆ ಈ ಕಾರಣ ಇನ್ನು ನಡೆಯುವುದಿಲ್ಲ, ಅಷ್ಟೇ.

ಜನರಿಗೆ "ಪರಿಶೀಲನೆ ಮಾಡಿಸುತ್ತೇವೆ" ಎಂದು ಮಾತು ಕೊಟ್ಟ ಮೇಲೆ ಅದರ ಫಲ ಜನರಿಗೆ ಕಾಣಬೇಕು. ನಾನು ವಕೀಲೆ, ಗೋಪ್ಯತೆಯ ಪರ ಇರುವವಳು. ಆದರೂ ಈ ತೀರ್ಪು ನನಗೆ ಸರಿ ಅನಿಸುತ್ತದೆ.

ಪ್ರಶ್ನೆ: ನಮ್ಮದು ಶಿವಮೊಗ್ಗದ ಪತ್ತಿನ ಸಹಕಾರ ಸಂಘ. ಸದಸ್ಯರ ಖಾತೆಯ ವಿವರ ಹ್ಯಾಕ್ ಆಗಿದೆ. ನಮ್ಮ ವಕೀಲರು ಊರಲ್ಲಿಲ್ಲ. ಅವರು ಬಂದು ಸಲಹೆ ಕೊಡುವವರೆಗೆ ಯಾರಿಗೂ ಏನೂ ತಿಳಿಸಬಾರದು ಎಂದು ಅಧ್ಯಕ್ಷರ ಅಭಿಪ್ರಾಯ. ನಾನು ಕಾರ್ಯದರ್ಶಿ.

ಉತ್ತರ: ಕಾಯಬೇಡಿ ಸಾರ್. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದ ಪ್ರಕಾರ, ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಪೂರ್ತಿ ವಿವರ ಇರಬೇಕೆಂದಿಲ್ಲ. ಗೊತ್ತಿದ್ದಷ್ಟು ಈಗ, ಉಳಿದದ್ದು ಆಮೇಲೆ. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂದೂ ಅದರಲ್ಲಿದೆ. ಕೇಳಿದ ಮಾಹಿತಿ ಕೊಡದಿದ್ದರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿ, ನಿಮ್ಮ ಜಿಲ್ಲೆಯ ಸೈಬರ್ ಅಪರಾಧ ಪೊಲೀಸ್ ಠಾಣೆಗೆ ದೂರು ಕೊಡಿ.

ಸರ್ಕಾರಕ್ಕೆ ಸಂಗತಿ ತಿಳಿಸಿದರೆ ವಕೀಲರ ಜೊತೆಗಿನ ಗುಟ್ಟು ಹೋಗುತ್ತದೆ ಎಂದು ಅಧ್ಯಕ್ಷರಿಗೆ ಭಯ ಇರಬಹುದು. ಹೋಗುವುದಿಲ್ಲ. "ಸೋಮವಾರ ಬೆಳಿಗ್ಗೆ 9ಕ್ಕೆ ಗೊತ್ತಾಯಿತು, ಇಷ್ಟು ಕಂಪ್ಯೂಟರಿಗೆ ತೊಂದರೆ" ಎಂದು ಬರೆಯಿರಿ. "ವಕೀಲರು ಹೀಗೆ ಹೇಳಿದರು" ಎಂಬುದನ್ನು ಮಾತ್ರ ಅದರಲ್ಲಿ ಸೇರಿಸಬೇಡಿ. ಇನ್ನು ವೈಯಕ್ತಿಕ ಮಾಹಿತಿ ರಕ್ಷಣೆಯ ಹೊಸ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮಾಹಿತಿ ಸೋರಿದರೆ ಆಯಾ ಸದಸ್ಯರಿಗೂ ತಿಳಿಸಬೇಕು, ಕೇಂದ್ರದ ಮಾಹಿತಿ ರಕ್ಷಣಾ ಮಂಡಳಿಗೆ 72 ಗಂಟೆಯೊಳಗೆ ವಿವರ ಕೊಡಬೇಕು ಎಂದು ಅವು ಹೇಳುತ್ತವೆ. ಆ ಭಾಗ ಜಾರಿಗೆ ಬರಲು 18 ತಿಂಗಳ ಅವಕಾಶ ಇದೆ. ಆದರೂ ಸದಸ್ಯರು ನಿಮ್ಮ ಊರಿನವರೇ. ಅವರಿಗೆ ನಿಮ್ಮಿಂದಲೇ ಮೊದಲು ತಿಳಿಯಲಿ.

ಪ್ರಶ್ನೆ: ಸೈಬರ್ ವಿಮೆ ಮಾಡಿಸಿದ್ದೇವೆ. ವಿಮೆಯವರು ವಕೀಲರ ಅಭಿಪ್ರಾಯದ ಪ್ರತಿ ಕೇಳುತ್ತಿದ್ದಾರೆ. ಕೊಡಬೇಕೇ?
— ತುಮಕೂರು

ಉತ್ತರ: ಸಂಗತಿಯ ಕಡತ ಕೊಡಿ. ನಷ್ಟದ ಲೆಕ್ಕ ಕೊಡಿ. ವಕೀಲರ ಅಭಿಪ್ರಾಯವನ್ನು ಅವರನ್ನು ಕೇಳದೆ ಕೊಡಬೇಡಿ. ವಿಮೆಯವರು ಇವತ್ತು ನಿಮ್ಮ ಪಕ್ಕದಲ್ಲಿದ್ದಾರೆ, ಕ್ಲೇಮ್ ತಿರಸ್ಕಾರವಾದ ದಿನ ಎದುರಿಗಿರುತ್ತಾರೆ. ಪಾಲಿಸಿಯನ್ನು ಒಮ್ಮೆ ಪೂರ್ತಿ ಓದಿ. ತಜ್ಞರನ್ನು ನೇಮಿಸುವ ಮೊದಲು ನಮ್ಮ ಒಪ್ಪಿಗೆ ಬೇಕು ಎಂಬ ಷರತ್ತು ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ.

ಪ್ರಶ್ನೆ: ನಮ್ಮ ಪ್ರಕರಣದ ಎಲ್ಲ ಕಾಗದ ನಮ್ಮ ವಕೀಲರ ಲ್ಯಾಪ್‌ಟಾಪ್‌ನಲ್ಲಿದೆ. ಪೊಲೀಸರು ಅದನ್ನೇ ತೆಗೆದುಕೊಂಡು ಹೋದರೆ?
— ಮೈಸೂರು

ಉತ್ತರ: ಸುಮ್ನೆ ಬಂದು ತೆಗೆದುಕೊಂಡು ಹೋಗುವಂತಿಲ್ಲ. ಮೇಲೆ ಹೇಳಿದ ಅದೇ ತೀರ್ಪಿನಲ್ಲಿ ಇದಕ್ಕೂ ದಾರಿ ಇದೆ. ವಕೀಲರ ಲ್ಯಾಪ್‌ಟಾಪ್ ಅಥವಾ ಫೋನ್ ಬೇಕಾದರೆ ಅದನ್ನು ಕೋರ್ಟಿನ ಮುಂದೆಯೇ ತರಿಸಬೇಕು. ಕೋರ್ಟು ಮೊದಲು ಕಕ್ಷಿದಾರರಿಗೆ, ಅಂದರೆ ನಿಮಗೆ, ನೋಟಿಸ್ ಕೊಟ್ಟು ನಿಮ್ಮ ಆಕ್ಷೇಪಣೆ ಕೇಳಬೇಕು. ಆಕ್ಷೇಪಣೆ ತಳ್ಳಿಹಾಕಿದರೂ, ನೀವು ಮತ್ತು ನಿಮ್ಮ ವಕೀಲರು ಎದುರಿಗೆ ಇರುವಾಗಲೇ ತೆರೆಯಬೇಕು. ನಿಮಗೆ ಬೇಕಾದ ತಂತ್ರಜ್ಞರನ್ನೂ ಜೊತೆಗೆ ಕರೆದುಕೊಳ್ಳಬಹುದು. ಅದರಲ್ಲಿರುವ ಬೇರೆ ಕಕ್ಷಿದಾರರ ವಿಷಯ ಹೊರಗೆ ಬರಬಾರದು.

ನೋಟಿಸ್ ಬಂದರೆ ಅದೇ ದಿನ ನಿಮ್ಮ ವಕೀಲರಿಗೆ ಫೋನ್ ಮಾಡಿ. ನೋಟಿಸಿನ ಫೋಟೊವನ್ನು ಮನೆಯವರ ಗ್ರೂಪಿಗೆ ಹಾಕಬೇಡಿ.